ಎಣ್ಣೆ ಬಿದ್ದ ಮಣ್ಣಿಗೆ ಹುಲ್ಲು ನೆಟ್ಟಿರಿ, ಕೆಲಸ ಆಗುತ್ತಿಲ್ಲ: ದೋಷ ಹುಡುಕುವ ಕೈಪಿಡಿ

ಲಾರಿ ಗ್ಯಾರೇಜಿನ ಹಿತ್ತಲು, ಡೀಸೆಲ್ ಎಂಜಿನ್ ಕೂರಿಸಿದ್ದ ಬಾವಿ ದಂಡೆ, ಜನರೇಟರ್ ಇಟ್ಟ ಮೂಲೆ. ಹುಡುಕಿದರೆ ಎಲ್ಲ ಊರಲ್ಲೂ ಇಂಥದೊಂದು ಕರಿ ನೆಲ ಸಿಗುತ್ತದೆ. ಅಲ್ಲಿ ಲಾವಂಚವನ್ನೋ ಗರಿಕೆಯನ್ನೋ ನೆಟ್ಟರೆ ಮಣ್ಣು ಸರಿಹೋಗುತ್ತದೆ ಎಂದು ಕೇಳಿ ಕೈಹಾಕಿದವರು ನಾಲ್ಕು ತಿಂಗಳಾದ ಮೇಲೆ ಕೇಳುವುದು ಒಂದೇ ಮಾತು: "ಗಿಡ ತಪ್ಪಾಯ್ತಾ ಸಾರ್? ಬೇರೆ ಯಾವ್ದಾದ್ರೂ ಹಾಕ್ಲಾ?"

ನಾನು ನೋಡಿದ ಮಟ್ಟಿಗೆ ಗಿಡದ ತಪ್ಪು ಅಪರೂಪ. ಹುಲ್ಲು ಎಣ್ಣೆ ಕುಡಿಯುತ್ತದೆ ಎಂಬ ನಂಬಿಕೆಯಿಂದಲೇ ಈ ಪ್ರಶ್ನೆ ಹುಟ್ಟುವುದು. ಡೀಸೆಲ್ಲು, ಎಂಜಿನ್ ಆಯಿಲ್ಲು ನೀರಿನಲ್ಲಿ ಕರಗುವುದಿಲ್ಲ; ಹಾಗಾಗಿ ಬೇರು ಅದನ್ನು ಹೀರಿ ಮೇಲಕ್ಕೆ ಒಯ್ಯುವುದು ತೀರಾ ಕಡಿಮೆ. ಎಣ್ಣೆ ತಿನ್ನುವುದು ಬೇರಿನ ಸುತ್ತ ಇರುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳು. ಬೇರು ಅವಕ್ಕೆ ಸಕ್ಕರೆ ಅಂಶದ ರಸ ಒಸರುತ್ತದೆ, ಮಣ್ಣು ಸೀಳಿ ಗಾಳಿಗೆ ದಾರಿ ಮಾಡುತ್ತದೆ, ಸತ್ತು ಕೊಳೆತ ಮೇಲೂ ಕೊಳವೆಯಂಥ ತೂತು ಬಿಟ್ಟು ಹೋಗುತ್ತದೆ. ಕೊಲ್ಲಿ ಯುದ್ಧದಲ್ಲಿ ಕುವೈತಿನ ಮರಳುಗಾಡು ಎಣ್ಣೆಯಲ್ಲಿ ಮುಳುಗಿತ್ತಲ್ಲ, ಅಲ್ಲಿ ತಾವಾಗಿ ಬೆಳೆದ ಕಾಡುಗಿಡಗಳನ್ನು ಕಿತ್ತು ನೋಡಿದ ಸಂಶೋಧಕರು 1995ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದದ್ದೂ ಇದನ್ನೇ: ಸುತ್ತಲ ಮರಳು ಕಪ್ಪಾಗಿದ್ದರೂ ಬೇರುಗಳು ಆರೋಗ್ಯವಾಗಿದ್ದವು, ಅವುಗಳ ಸುತ್ತ ಎಣ್ಣೆ ತಿನ್ನುವ ಸೂಕ್ಷ್ಮಜೀವಿಗಳು ತುಂಬಿದ್ದವು.

ಆದ್ದರಿಂದ ಕೆಲಸ ನಿಂತಿದೆ ಅಂದರೆ ನೆಲದೊಳಗಿನ ಆ ಕೂಲಿಯಾಳುಗಳಿಗೆ ಗಾಳಿ, ನೀರು, ಸಾರಜನಕ ಇವುಗಳಲ್ಲಿ ಯಾವುದೋ ಒಂದು ಸಾಲದೆ ಬಂದಿದೆ ಎಂದು ಹಿಡಿದು ಶುರುಮಾಡಿ. ಗಿಡ ಬದಲಿಸುವ ಮಾತು ಕೊನೆಗಿರಲಿ.

ಸಲಿಕೆ ಹಿಡಿಯುವ ಮೊದಲು ಎರಡು ಪ್ರಶ್ನೆ

ಎಣ್ಣೆ ಇನ್ನೂ ಬೀಳುತ್ತಿದೆಯೇ? ಕೇಳಲು ಪೆದ್ದ ಪ್ರಶ್ನೆ. ಆದರೆ "ಇಲ್ಲ ಸಾರ್, ನಿಲ್ಲಿಸಿ ವರ್ಷ ಆಯ್ತು" ಎಂದವರ ಶೆಡ್ಡಿನಲ್ಲೇ ಡ್ರಮ್ಮಿನ ನಲ್ಲಿ ತೊಟ್ಟಿಕ್ಕುವುದನ್ನು ಕಂಡಿದ್ದೇನೆ. ಸಂಜೆ ಒಂದು ಹಳೆ ರಟ್ಟನ್ನು ಅನುಮಾನದ ಜಾಗದಲ್ಲಿ ಹಾಸಿ ಬೆಳಿಗ್ಗೆ ನೋಡಿ. ಹೊಸ ಕಲೆ ಕಂಡರೆ ಮುಂದಿನದನ್ನು ಓದುವ ಅಗತ್ಯ ಸದ್ಯಕ್ಕಿಲ್ಲ, ನಲ್ಲಿ ರಿಪೇರಿ ಮಾಡಿಸಿ ಬನ್ನಿ.

ಯಾವ ಎಣ್ಣೆ? ಪೆಟ್ರೋಲಿನ ಬಹುಭಾಗ ಆವಿಯಾಗಿ ಹೋಗುತ್ತದೆ. ಡೀಸೆಲ್ಲನ್ನು ಸೂಕ್ಷ್ಮಜೀವಿಗಳು ಚೆನ್ನಾಗಿಯೇ ತಿನ್ನುತ್ತವೆ. ಎಂಜಿನ್ನಿನಿಂದ ಇಳಿಸಿದ ಕರಿ ಆಯಿಲ್ ನಿಧಾನ. ಅದರ ಉದ್ದ ಸರಪಳಿಯ ಅಣುಗಳನ್ನು ಮುರಿಯಲು ಹೊತ್ತು ಬೇಕು. ಜೊತೆಗೆ ಸತುವು, ತಾಮ್ರದಂಥ ಲೋಹಗಳೂ ಅದರಲ್ಲಿರುತ್ತವೆ. ಲೋಹವನ್ನು ಯಾವ ಬ್ಯಾಕ್ಟೀರಿಯಾ ತಿಂದರೂ ಲೋಹ ಲೋಹವಾಗಿಯೇ ಉಳಿಯುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆಯಾಗಿದ್ದರೆ ಮುಟ್ಟಲೇಬೇಡಿ. ಅದರಲ್ಲಿ ಪಿಸಿಬಿ ಎಂಬ ವಿಷ ಇರಬಹುದು. ಅದು ಹುಲ್ಲಿನ ಮಟ್ಟದ ಕೆಲಸವಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೇಳಬೇಕಾದ್ದು. ಎಣ್ಣೆ ಬಾವಿಗೋ ಬೋರ್‌ವೆಲ್ಲಿಗೋ ಇಳಿದಿರುವ ಗುಮಾನಿ ಇದ್ದರೂ ಅಷ್ಟೇ.

ಲಕ್ಷಣ: ಬೀಜ ಮೊಳೆಯಲೇ ಇಲ್ಲ

ಮೊದಲು ಎಣ್ಣೆಯ ಪ್ರಮಾಣವನ್ನು ಅನುಮಾನಿಸಿ. ಮಣ್ಣಿನ ತೂಕದಲ್ಲಿ ಶೇ. 1-2ರಷ್ಟು ಎಣ್ಣೆ ಇದ್ದರೆ ಹುಲ್ಲು ಹೇಗೋ ಸುಧಾರಿಸಿಕೊಳ್ಳುತ್ತದೆ. ಶೇ. 5ರ ಹತ್ತಿರ ಹೋದರೆ ಹೆಚ್ಚಿನ ಬೀಜಗಳು ಕಣ್ಣು ಬಿಡುವುದಿಲ್ಲ. ಲ್ಯಾಬಿಗೆ ಕಳಿಸುವ ಮೊದಲು ಮನೆಯಲ್ಲೇ ಒಂದು ಅಂದಾಜು ಸಿಗುತ್ತದೆ. ಎರಡು ತಟ್ಟೆ ತೆಗೆದುಕೊಳ್ಳಿ. ಒಂದಕ್ಕೆ ಕರಿ ಮಣ್ಣು, ಇನ್ನೊಂದಕ್ಕೆ ಅದೇ ಜಾಗದಿಂದ ಇಪ್ಪತ್ತು ಮಾರು ದೂರದ ಒಳ್ಳೆ ಮಣ್ಣು. ಎರಡಕ್ಕೂ ಇಪ್ಪತ್ತಿಪ್ಪತ್ತು ಹೆಸರುಕಾಳು, ಇಪ್ಪತ್ತಿಪ್ಪತ್ತು ಸಾಸಿವೆ. ಒಂದು ವಾರ ಬಿಟ್ಟು ಎಣಿಸಿ. ಒಳ್ಳೆ ಮಣ್ಣಲ್ಲಿ ಹದಿನೆಂಟು ಮೊಳೆತು ಕರಿ ಮಣ್ಣಲ್ಲಿ ಹದಿನಾಲ್ಕು ಮೊಳೆತರೆ ನೇರವಾಗಿ ಬಿತ್ತಬಹುದು. ಮೂರೋ ನಾಲ್ಕೋ ಮೊಳೆತರೆ ಮೇಲಿನ ಜಿಗುಟು ಪದರ ಕೆರೆದು ತೆಗೆಯಬೇಕು. ಬಳಸಿದ ಎಣ್ಣೆಯೂ ಎಣ್ಣೆ ಸೇರಿದ ಕಸವೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಬರುತ್ತವೆ. ಆದ್ದರಿಂದ ಕೆರೆದದ್ದನ್ನು ರಸ್ತೆ ಬದಿಯ ಗುಂಡಿಗೆ ಸುರಿಯಬೇಡಿ; ಮಂಡಳಿಯ ಪರವಾನಗಿ ಇದ್ದವರಿಗೇ ಕೊಡಿ.

ಹಿಂದಿನವರು ಬಿತ್ತುವ ಬದಲು ನಾಟಿ ಮಾಡುತ್ತಿದ್ದುದು ಇಲ್ಲಿಗೂ ಹೊಂದುತ್ತದೆ. ಬೇರು ಬಿಟ್ಟ ಲಾವಂಚದ ಸಸಿ, ಗರಿಕೆಯ ಹಂಬು ತಡೆದುಕೊಳ್ಳುವಷ್ಟನ್ನು ಎಳೆ ಮೊಳಕೆ ತಡೆಯದು. ಹೊಲದಲ್ಲಿ ನಾವು ಬೈದು ಬೈದು ಕೀಳುವ ಜೇಕು ಇದೆಯಲ್ಲ, ಅಸ್ಸಾಮಿನ ಕಚ್ಚಾ ತೈಲದ ಮಣ್ಣಿನ ಮೇಲೆ ನಡೆದ ಪ್ರಯೋಗಗಳಲ್ಲಿ ಒಳ್ಳೆ ಕೆಲಸ ಮಾಡಿದ ಗಿಡಗಳಲ್ಲಿ ಅದೂ ಒಂದು. ಅಕ್ಕಪಕ್ಕ ಹೊಲ ಇದ್ದರೆ ಮಾತ್ರ ಅದರ ಸಹವಾಸ ಬೇಡ.

ಲಕ್ಷಣ: ನೀರು ಹಾಕಿದರೆ ಮೇಲೆಯೇ ಉರುಳುತ್ತದೆ

ಕೆಸುವಿನ ಎಲೆ ಮೇಲೆ ನೀರು ಬಿಟ್ಟ ಹಾಗೆ ಇದು. ಎಣ್ಣೆ ಮಣ್ಣಿನ ಕಣಕ್ಕೆ ಲೇಪವಾಗಿ ಕೂತು, ಒಣಗಿದಾಗ ನೀರನ್ನು ಹತ್ತಿರ ಸೇರಿಸುವುದಿಲ್ಲ. ಒಣ ಮಣ್ಣಿನ ಮೇಲೆ ಒಂದು ಹನಿ ನೀರು ಬಿಟ್ಟು ಸೆಕೆಂಡು ಎಣಿಸಿ. ಐದರೊಳಗೆ ಇಂಗಿದರೆ ತೊಂದರೆ ಇಲ್ಲ. ಒಂದು ನಿಮಿಷವಾದರೂ ಮುತ್ತಿನಂತೆ ಕೂತಿದ್ದರೆ ಮಣ್ಣು ನೀರನ್ನು ದೂರ ತಳ್ಳುತ್ತಿದೆ. ನೀವು ದಿನಾ ಸುರಿದ ಕೊಡಗಟ್ಟಲೆ ನೀರು ಪಕ್ಕದ ಚರಂಡಿಗೆ ಹೋಗಿದೆ, ಬೇರು ಒಣಗಿ ಕೂತಿದೆ.

ಮದ್ದು ಸರಳ, ತಾಳ್ಮೆ ಬೇಕು. ಗುದ್ದಲಿಯಿಂದ ಅರ್ಧ ಅಡಿ ಕೆದಕಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಮೇಲೆ ಹಳೆ ಗೋಣಿ ಹೊದಿಸಿ, ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪವೇ ನೀರು ಚಿಮುಕಿಸಿ. ಒಮ್ಮೆ ತೇವ ಹಿಡಿದ ಮೇಲೆ ಮತ್ತೆ ಪೂರ್ತಿ ಒಣಗಲು ಬಿಡಬಾರದು. ಹದ ನೋಡುವುದು ಹೇಗೆಂದರೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಬೆರಳಿಂದ ತಟ್ಟಿದರೆ ಒಡೆಯಬೇಕು, ಕೈಗೆ ನೀರು ಇಳಿಯಬಾರದು. ಬಟ್ಟೆ ತೊಳೆಯುವ ಪುಡಿ ಕಲಸಿ ಸುರಿಯುವ ಉಪಾಯ ಯಾರೋ ಒಬ್ಬರು ಹೇಳೇ ಹೇಳುತ್ತಾರೆ. ನೀರೇನೋ ಇಂಗುತ್ತದೆ, ಜೊತೆಗೆ ಎಣ್ಣೆಯೂ ಬೇರಿಗೆ ಸಿಗದ ಆಳಕ್ಕೆ ಇಳಿಯುತ್ತದೆ.

ಲಕ್ಷಣ: ಹುಲ್ಲು ಹತ್ತಿತು, ಆಮೇಲೆ ಹಳದಿ ತಿರುಗಿತು

ಅತಿ ಹೆಚ್ಚು ಬರುವ ದೂರು ಇದು. ಹೆದ್ದಾರಿ ಬದಿಯ ಒಂದು ಲಾರಿ ಗ್ಯಾರೇಜಿನ ಹಿಂದೆ ಹತ್ತಡಿ ಉದ್ದ ಹತ್ತಡಿ ಅಗಲದ ಜಾಗ. ಲಾವಂಚ ಒಂದಡಿಗೊಂದರಂತೆ ಸಾಲಾಗಿ ನೆಟ್ಟಿದ್ದರು, ನಡುವೆ ಗರಿಕೆ. ಮೊದಲ ತಿಂಗಳು ಎಲ್ಲ ಹಸಿರು. ಮೂರನೇ ತಿಂಗಳ ಹೊತ್ತಿಗೆ ಕೆಳಗಿನ ಎಲೆಗಳಿಂದ ಹಳದಿ ಏರುತ್ತಿತ್ತು, ತುದಿ ಎಲೆ ಮಾತ್ರ ತಿಳಿ ಹಸಿರು. ಹಳೆ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ ಎಂದು ಯಾವ ರೈತನನ್ನು ಕೇಳಿದರೂ ಹೇಳುತ್ತಾನೆ. ಮೇಸ್ತ್ರಿಗೆ ಮಾತ್ರ ನಂಬಿಕೆ ಬರಲಿಲ್ಲ. "ಗೊಬ್ಬರ ಹಾಕೇ ನೆಟ್ಟಿದ್ದು ಸಾರ್. ಎಣ್ಣೆ ವಿಷ ಏರಿದೆ ಅಷ್ಟೆ."

ಸಲಿಕೆಯಲ್ಲಿ ಒಂದು ಬುಡ ಎತ್ತಿ ಮಣ್ಣು ಉದುರಿಸಿದೆ. ಬೇರಿನ ನಡುವೆ ಒದ್ದೆ ಅವಲಕ್ಕಿಯಂತೆ ಏನೋ ಅಂಟಿಕೊಂಡಿತ್ತು. ಬೆರಳಲ್ಲಿ ಉಜ್ಜಿದರೆ ಮರದ ಪುಡಿ.

"ಇದೆಲ್ಲಿಂದ ಬಂತು?"

"ಎಣ್ಣೆ ಚೆಲ್ಲಿದ್ರೆ ಹುಡುಗ್ರು ಸಾಮಿಲ್ ಪುಡಿ ಹಾಕ್ತಾರೆ ಸಾರ್, ಹೀರ್ಕೊಳ್ಳುತ್ತೆ. ನೆಡೋಕ್ ಮುಂಚೆ ಎರಡು ಚೀಲ ಜಾಸ್ತೀನೇ ಹಾಕಿದ್ವಿ, ಒಳ್ಳೇದಾಗ್ಲಿ ಅಂತ."

ಒಳ್ಳೇದಾಗಲಿ ಎಂದು ಹಾಕಿದ ಆ ಎರಡು ಚೀಲವೇ ದೋಷ. ಬ್ಯಾಕ್ಟೀರಿಯಾ ಇಂಗಾಲ ತಿನ್ನುವಾಗ ಅದರ ಜೊತೆ ಸಾರಜನಕವೂ ಬೇಕು, ಅನ್ನದ ಜೊತೆ ಸಾರು ಬೇಕಾದ ಹಾಗೆ. ಎಣ್ಣೆಯಲ್ಲಿ ಶೇ. 85ರಷ್ಟು ಇಂಗಾಲ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅವು ಮಣ್ಣಿನಲ್ಲಿರುವುದನ್ನೆಲ್ಲ ಬಾಚಿಕೊಳ್ಳುತ್ತವೆ, ಹುಲ್ಲು ಹಸಿದು ಕೂರುತ್ತದೆ. ಮರದ ಪುಡಿಯೂ ಹೆಚ್ಚುಕಡಿಮೆ ಬರೀ ಇಂಗಾಲ. ಎಣ್ಣೆಯ ಊಟಕ್ಕೇ ಸಾರು ಸಾಲದಾಗಿರುವಾಗ ಇನ್ನೂ ಎರಡು ಚೀಲ ಅನ್ನ ಬಡಿಸಿದ ಲೆಕ್ಕ.

ಖಚಿತ ಮಾಡಿಕೊಳ್ಳಲು ಸುಲಭ ಪರೀಕ್ಷೆ ಉಂಟು. ಒಂದು ಮೀಟರ್ ಚೌಕ ಗುರುತಿಸಿ, ಹತ್ತು ಗ್ರಾಂ ಯೂರಿಯಾ ನೀರಲ್ಲಿ ಕರಗಿಸಿ ಅಲ್ಲಿಗೆ ಮಾತ್ರ ಹಾಕಿ. ಹತ್ತು ಹನ್ನೆರಡು ದಿನದಲ್ಲಿ ಆ ಚೌಕವೊಂದೇ ಹಸಿರು ತಿರುಗಿದರೆ ರೋಗ ಸಿಕ್ಕಿತು. ಬದಲಾವಣೆ ಕಾಣದಿದ್ದರೆ ಮುಂದಿನ ಲಕ್ಷಣಕ್ಕೆ ಹೋಗಿ. ಮೇಸ್ತ್ರಿಯ ಹಿತ್ತಲಲ್ಲಿ ಚೌಕ ಎದ್ದು ಕಂಡಿತು.

ಎಷ್ಟು ಹಾಕಬೇಕು ಎಂಬುದು ಕಣ್ಣಂದಾಜಿನ ಮಾತಲ್ಲ, ಲೆಕ್ಕ ಇದೆ. ಹತ್ತಡಿ ಚೌಕ, ಅರ್ಧ ಅಡಿ ಆಳ ಎಂದರೆ 50 ಘನ ಅಡಿ, ಸುಮಾರು 1.4 ಘನ ಮೀಟರ್. ಮಣ್ಣಿನ ತೂಕ ಹೆಚ್ಚುಕಡಿಮೆ 1,840 ಕೆ.ಜಿ. ಶೇ. 1 ಎಣ್ಣೆ ಇದ್ದರೆ ಅದು 18 ಕೆ.ಜಿ. ಚಿಲ್ಲರೆ, ಅದರಲ್ಲಿ ಇಂಗಾಲ 15.6 ಕೆ.ಜಿ. ಈ ಕೆಲಸದವರು ಸಾಮಾನ್ಯವಾಗಿ ಹಿಡಿಯುವ ಅನುಪಾತ 100 ಪಾಲು ಇಂಗಾಲಕ್ಕೆ 10 ಪಾಲು ಸಾರಜನಕ, 1 ಪಾಲು ರಂಜಕ. ಅಂದರೆ ಸಾರಜನಕ 1.56 ಕೆ.ಜಿ., ರಂಜಕ 156 ಗ್ರಾಂ. ಅಂಗಡಿ ಭಾಷೆಯಲ್ಲಿ 780 ಗ್ರಾಂ ಡಿಎಪಿ, 3.1 ಕೆ.ಜಿ. ಯೂರಿಯಾ.

ಇದನ್ನು ಓದಿ ಮೂರು ಕೆ.ಜಿ. ಯೂರಿಯಾವನ್ನು ಒಂದೇ ದಿನ ಸುರಿದೀರಿ ಮತ್ತೆ! ಹುಲ್ಲು ಸುಟ್ಟು ಹೋಗುತ್ತದೆ, ಮಳೆ ಬಂದರೆ ನೈಟ್ರೇಟ್ ಬಾವಿಗೆ ಇಳಿಯುತ್ತದೆ. ಎಕರೆಗೆ ಒಂದು ಚೀಲ, ಅಂದರೆ 45 ಕೆ.ಜಿ., ಎಂಬ ನಮ್ಮ ವಾಡಿಕೆ ಲೆಕ್ಕವನ್ನೇ ಇಳಿಸಿದರೆ ನೂರು ಚದರಡಿಗೆ ನೂರು ಗ್ರಾಂ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ನೂರು ಗ್ರಾಮಿನಂತೆ ಹಾಕುತ್ತ ಹೋದರೆ 3.1 ಕೆ.ಜಿ. ಮುಗಿಯಲು ಹದಿನೈದು ತಿಂಗಳು ಹಿಡಿಯುತ್ತದೆ. ಈ ಕೆಲಸಕ್ಕೆ ಒಂದೆರಡು ವರ್ಷವಾದರೂ ಬೇಕು ಎಂದು ನಾನು ಹೇಳುವುದು ಇದಕ್ಕೇ. ಡಿಎಪಿಯನ್ನು ಎರಡು ಮೂರು ಕಂತಲ್ಲಿ ಮಣ್ಣಿಗೆ ಬೆರೆಸಿದರೆ ಸಾಕು. ಸಾಲಿನ ನಡುವೆ ಅಪ್ಸೆಣಬು ಬಿತ್ತಿದರೆ ಸಾರಜನಕದ ಒಂದಿಷ್ಟು ಭಾರ ಅದು ಹೊರುತ್ತದೆ. ಆದರೆ ಕಿತ್ತು ನೋಡಿ: ಬೇರಿನ ಗಂಟನ್ನು ಚಿವುಟಿದಾಗ ಒಳಗೆ ಕೆಂಪಗಿದ್ದರೆ ಕೆಲಸ ಮಾಡುತ್ತಿದೆ, ಬೆಳ್ಳಗೋ ಹಸಿರಾಗಿಯೋ ಇದ್ದರೆ ಬಿಟ್ಟಿ ಊಟ ಮಾಡುತ್ತಿದೆ.

ಗೊಬ್ಬರದ ಈ ಯುಕ್ತಿ ಹೊಸದೇನಲ್ಲ. 1989ರಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಅಲಾಸ್ಕಾದಲ್ಲಿ ತೈಲ ಚೆಲ್ಲಿದಾಗ ಕಡಲ ದಂಡೆಗೆ ಸಾರಜನಕ, ರಂಜಕ ಇರುವ ಗೊಬ್ಬರ ಸಿಂಪಡಿಸಿದ್ದರು. ಅಲ್ಲೇ ಇದ್ದ ಬ್ಯಾಕ್ಟೀರಿಯಾಗಳಿಗೆ ಊಟ ಹೊಂದಿಸಿಕೊಟ್ಟದ್ದಷ್ಟೇ. ನಮ್ಮಲ್ಲಿ ಟೆರಿ ಎಂಬ ಸಂಶೋಧನಾ ಸಂಸ್ಥೆ ಬೆಳೆಸಿದ ಆಯಿಲ್‌ಜ್ಯಾಪರ್ ಎಂಬ ಬ್ಯಾಕ್ಟೀರಿಯಾ ಮಿಶ್ರಣವನ್ನು ತೈಲ ಕಂಪನಿಗಳು ದೊಡ್ಡ ಪ್ರಮಾಣದ ಕೆಸರಿಗೆ ಬಳಸಿವೆ. ಗ್ಯಾರೇಜಿನ ಹಿತ್ತಲಿಗೆ ಡಬ್ಬಿಯಲ್ಲಿ ಬರುವ ಬ್ಯಾಕ್ಟೀರಿಯಾ ತರುವ ಮೊದಲು ಯೂರಿಯಾ ಹಾಕಿ ನೋಡಿ. ವರ್ಷಗಟ್ಟಲೆ ಎಣ್ಣೆ ಬಿದ್ದ ನೆಲದಲ್ಲಿ ಅದನ್ನು ತಿಂದು ಬದುಕಲು ಕಲಿತ ಜೀವಿಗಳು ಈಗಾಗಲೇ ಬೀಡುಬಿಟ್ಟಿರುತ್ತವೆ.

ಲಕ್ಷಣ: ಯೂರಿಯಾಕ್ಕೂ ಜಗ್ಗಲಿಲ್ಲ, ಕೆಲವು ಕಡೆ ಬೋಳು

ಒಂದಡಿ ಗುಂಡಿ ತೋಡಿ ಪಕ್ಕದ ಗೋಡೆ ನೋಡಿ. ಮಣ್ಣು ಬೂದು-ನೀಲಿ ಬಣ್ಣಕ್ಕೆ ತಿರುಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಇಲ್ಲ. ಗುಂಡಿಗೆ ಮೂಗು ಹಿಡಿದು ಮೂಸಬೇಡಿ, ತೆಗೆದ ಮಣ್ಣಿನ ವಾಸನೆ ತಾನಾಗಿ ಬರುತ್ತದೆ. ಬೇರುಗಳು ಎಲ್ಲಿ ನಿಂತಿವೆ ಎಂಬುದನ್ನೂ ಗಮನಿಸಿ. ನಾಲ್ಕಿಂಚಿಗೆ ಇಳಿದು ಅಡ್ಡ ತಿರುಗಿದ್ದರೆ ಕೆಳಗೆ ಲಾರಿ ಚಕ್ರ ಒತ್ತಿದ ಗಟ್ಟಿ ಪದರ ಇದೆ.

ಗಾಳಿಯ ಲೆಕ್ಕ ಕೇಳಿದರೆ ಬೆರಗಾಗುತ್ತದೆ. ಒಂದು ಕೆ.ಜಿ. ಎಣ್ಣೆ ಪೂರ್ತಿ ಕರಗಿ ಇಂಗಾಲದ ಡೈಆಕ್ಸೈಡು, ನೀರು ಆಗಲು ಮೂರೂವರೆ ಕೆ.ಜಿ.ಯಷ್ಟು ಆಮ್ಲಜನಕ ಬೇಕು. ಮೇಲಿನ ಹದಿನೆಂಟು ಕೆ.ಜಿ. ಎಣ್ಣೆಗೆ ಬೇಕಾದ ಆಮ್ಲಜನಕ ಇರುವುದು 220 ಘನ ಮೀಟರ್ ಗಾಳಿಯಲ್ಲಿ; ಹತ್ತಡಿ ಉದ್ದ ಅಗಲ ಎತ್ತರದ ಎಂಟು ಕೋಣೆಗಳ ಗಾಳಿ ಅದು. ಅಷ್ಟೂ ಆ ಅರ್ಧ ಅಡಿ ಮಣ್ಣಿನೊಳಗೆ ಹೋಗಬೇಕು. ಕಾಂಕ್ರೀಟಿನಂತೆ ಗಟ್ಟಿಯಾದ ನೆಲದಲ್ಲಿ, ಅದರಲ್ಲೂ ಎರೆ ಮಣ್ಣಿನಲ್ಲಿ ಇದಾಗುವ ಮಾತಲ್ಲ. ಪಿಕಾಸಿಯಿಂದ ಸಡಿಲ ಮಾಡಿ ಭತ್ತದ ಹೊಟ್ಟು ಬೆರೆಸಿ. ಹೊಟ್ಟೂ ಇಂಗಾಲವೇ, ಆದರೆ ಬೇಗ ಕೊಳೆಯುವುದಿಲ್ಲವಾದ್ದರಿಂದ ಮರದ ಪುಡಿಯಷ್ಟು ಕಾಟವಿಲ್ಲ. ಮಳೆಗಾಲದಲ್ಲಿ ನೀರು ನಿಲ್ಲದಂತೆ ಸುತ್ತ ಬದು ಬೇಡ, ಏರುಮಡಿ ಮಾಡಿ. ಹರಿದುಹೋಗುವ ನೀರು ಮಾತ್ರ ಚರಂಡಿ ಸೇರದೆ ಒಂದು ಗುಂಡಿಯಲ್ಲಿ ನಿಲ್ಲಲಿ.

ಗಾಳಿಯೂ ಇದೆ, ಆದರೂ ಬೋಳು ಎಂದರೆ ಮಣ್ಣಿನ ಹುಳಿ ಎಷ್ಟೆಂದು ತೋರಿಸುವ ಪಿಎಚ್ ಕಾಗದ ತೆಗೆಯಿರಿ. 6ರಿಂದ 8ರೊಳಗಿದ್ದರೆ ಸರಿ. ಮಲೆನಾಡು, ಕರಾವಳಿಯ ಕೆಂಪು ಮಣ್ಣು ಮೊದಲೇ ಹುಳಿ, ಸ್ವಲ್ಪ ಸುಣ್ಣ ಕೇಳುತ್ತದೆ. ಗ್ಯಾರೇಜಿನಲ್ಲಿ ಅದಕ್ಕಿಂತ ಹೆಚ್ಚು ಅನುಮಾನಿಸಬೇಕಾದ್ದು ಬ್ಯಾಟರಿ ಆ್ಯಸಿಡ್. ಮೇಸ್ತ್ರಿಯ ಹಿತ್ತಲಿನ ಬಡಗಣ ಮೂಲೆಯಲ್ಲಿ ಕಾಗದ ಕೆಂಪಾಯಿತು, 3ರ ಆಸುಪಾಸು. ಹಳೆ ಬ್ಯಾಟರಿಗಳನ್ನು ಬಗ್ಗಿಸಿ ಖಾಲಿ ಮಾಡುತ್ತಿದ್ದ ಜಾಗ ಅದು ಎಂದು ಒಬ್ಬ ಹುಡುಗ ಆಮೇಲೆ ಒಪ್ಪಿಕೊಂಡ. ಆ್ಯಸಿಡ್ ಬಿದ್ದಲ್ಲಿ ಸೀಸವೂ ಬಿದ್ದಿರುತ್ತದೆ. ಅಂಥ ಮೂಲೆಯನ್ನು ಹುಲ್ಲಿನ ಲೆಕ್ಕದಿಂದ ಬಿಟ್ಟು ಬೇರೆಯಾಗಿ ಮಣ್ಣು ತೆಗೆಸಬೇಕು.

ಲಕ್ಷಣ: ಹುಲ್ಲು ಹಚ್ಚಗಿದೆ, ಲ್ಯಾಬ್ ವರದಿಯಲ್ಲಿ ಎಣ್ಣೆ ಹೆಚ್ಚಾಗಿದೆ

ಗಾಬರಿ ಬೀಳುವ ಮೊದಲು ಕೊಟ್ಟಿಗೆ ಗೊಬ್ಬರ ಹಾಕಿದ್ದು ಯಾವಾಗ ಎಂದು ನೆನಪಿಸಿಕೊಳ್ಳಿ. ಲ್ಯಾಬಿನವರು ಮಣ್ಣನ್ನು ದ್ರಾವಕದಲ್ಲಿ ನೆನೆಸಿ, ಅದರಲ್ಲಿ ಕರಗಿದ್ದನ್ನು ಒಟ್ಟು ಪೆಟ್ರೋಲಿಯಂ ಹೈಡ್ರೋಕಾರ್ಬನ್, ಅಂದರೆ ಟಿಪಿಎಚ್ ಎಂದು ಬರೆಯುತ್ತಾರೆ. ಗೊಬ್ಬರದಲ್ಲಿ, ಸತ್ತ ಬೇರಿನಲ್ಲಿ ಇರುವ ಮೇಣ, ಕೊಬ್ಬೂ ಅದೇ ದ್ರಾವಕದಲ್ಲಿ ಕರಗುತ್ತವೆ. ಸಿಲಿಕಾ ಜೆಲ್ಲಿನಲ್ಲಿ ಸೋಸಿ ಇವನ್ನು ಬೇರ್ಪಡಿಸುವ ಹೆಜ್ಜೆಯೊಂದಿದೆ. ಅದನ್ನು ಮಾಡಿದ್ದೀರಾ ಎಂದು ಕೇಳಿ, ಮಾಡಿಲ್ಲದಿದ್ದರೆ ಮಾಡಿಸಿ.

ಮಾದರಿ ತೆಗೆದ ರೀತಿಯೂ ಮೋಸ ಮಾಡುತ್ತದೆ. ಮೊದಲ ಸಲ ಅಂಚಿನಿಂದ ಒಂದು ಬೊಗಸೆ, ಎರಡನೇ ಸಲ ನಡುವಿನಿಂದ ಒಂದು ಬೊಗಸೆ ತೆಗೆದರೆ ಆ ಎರಡು ಅಂಕಿಗಳಿಗೆ ಸಂಬಂಧವೇ ಇಲ್ಲ. ಒಂಬತ್ತು ಕಡೆ ಒಂದೇ ಆಳದಿಂದ ತೆಗೆದು ಬೆರೆಸಿ, ಗಾಜಿನ ಬಾಟಲಿಯಲ್ಲಿ ತುಂಬಿ, ಐಸ್ ಡಬ್ಬದಲ್ಲಿಟ್ಟು ಕಳಿಸಿ. ಪ್ಲಾಸ್ಟಿಕ್ ಬೇಡ. ಪ್ರತಿ ಸಲವೂ ಅದೇ ಲ್ಯಾಬ್, ಅದೇ ವಿಧಾನ. ಇವೆಲ್ಲಕ್ಕಿಂತ ಮುಖ್ಯವಾಗಿ, ನೆಡುವ ದಿನವೇ ಎರಡಡಿ ಅಗಲದ ಒಂದು ಪಟ್ಟಿಯನ್ನು ಗಿಡವಿಲ್ಲದೆ ಬಿಟ್ಟಿರಬೇಕು. ಬಿಸಿಲು, ಗಾಳಿ, ತಾವಾಗಿ ಇರುವ ಜೀವಿಗಳಿಂದಲೂ ಎಣ್ಣೆ ಕರಗುತ್ತದೆ. ಬೋಳು ಪಟ್ಟಿಯಲ್ಲೂ ಅಷ್ಟೇ ಇಳಿದಿದ್ದರೆ ನಿಮ್ಮ ಹುಲ್ಲು ಬರೀ ಅಲಂಕಾರ.

ಲಕ್ಷಣ: ಆರು ತಿಂಗಳು ಸರಸರ ಇಳಿಯಿತು, ಆಮೇಲೆ ನಿಂತಿತು

ಇದನ್ನು ದೋಷ ಎನ್ನಲು ನನಗೆ ಮನಸ್ಸಿಲ್ಲ. ಸುಲಭದ ತುತ್ತೆಲ್ಲ ಮೊದಲು ಮುಗಿಯುತ್ತದೆ. ಉಳಿಯುವುದು ಡಾಂಬರಿನ ಜಾತಿಯ ಭಾರದ ಅಣುಗಳು, ಮತ್ತು ಮಣ್ಣಿನ ಕಣದ ಸಂದಿಯಲ್ಲಿ ಸೇರಿಕೊಂಡು ಯಾರ ಬಾಯಿಗೂ ಸಿಗದ ಎಣ್ಣೆ. ಗಾಳಿ, ನೀರು, ಸಾರಜನಕ ಮೂರೂ ಸರಿಯಾಗಿದ್ದು ಎರಡು ವರದಿಗಳ ನಡುವೆ ಅಂಕಿ ಅಲುಗದಿದ್ದರೆ ಯೂರಿಯಾ ನಿಲ್ಲಿಸಿ. ಮತ್ತೆ ಅದೇ ಹೆಸರುಕಾಳು, ಸಾಸಿವೆ ತಟ್ಟೆ ಇಡಿ. ಎರಡೂ ತಟ್ಟೆಯಲ್ಲಿ ಸಮನಾಗಿ ಮೊಳೆತು, ಸಲಿಕೆಗೆ ಎರೆಹುಳು ಸಿಗತೊಡಗಿದರೆ ಉಳಿದ ಎಣ್ಣೆ ಹೆಚ್ಚು ಕಾಟ ಕೊಡುತ್ತಿಲ್ಲ. ಹಾಗೆಂದು ಅಲ್ಲಿ ಸೊಪ್ಪು, ತರಕಾರಿ ಹಾಕಬೇಡಿ, ಲೋಹದ ಪರೀಕ್ಷೆ ಬೇರೆಯೇ ಆಗಬೇಕು.

ಕತ್ತರಿಸಿದ ಹುಲ್ಲು ದನಕ್ಕೆ ಬೇಡ. ಲಾವಂಚದ ಬೇರಿಗೆ ಒಳ್ಳೆ ಬೆಲೆ ಇದ್ದರೂ ಈ ಬೇರು ಮಾರಾಟಕ್ಕಲ್ಲ. ಕೊಯ್ದದ್ದನ್ನು ಅಲ್ಲೇ ನೆಲಕ್ಕೆ ಹೊದಿಸಿದರೆ ತೇವವೂ ಉಳಿಯುತ್ತದೆ. ಆಚೆ ಬದಿಯಿಂದ ಎಮ್ಮೆಗಳು ನುಗ್ಗುತ್ತಿದ್ದರಿಂದ ಮೇಸ್ತ್ರಿ ಕೊನೆಗೆ ಹಳೆ ಲಾರಿಯ ಡಾಲಾ ಹಲಗೆ ಬಿಚ್ಚಿ ಬೇಲಿ ಹಾಕಿಸಿದರು. ಎರಡನೇ ಮಳೆಗಾಲದಲ್ಲಿ ಹೋದಾಗ ಬಡಗಣ ಮೂಲೆಯ ಮಣ್ಣು ತೆಗೆಸಿದ್ದರು, ಉಳಿದ ಕಡೆ ಲಾವಂಚ ಎದೆಯೆತ್ತರ. ಶೆಡ್ಡಿನ ಬಾಗಿಲ ಬಳಿ ಮಾತ್ರ ಒಂದಡಿ ಅಗಲದ ಕರಿ ಗೆರೆ ಹೊಸದಾಗಿ ಮೂಡಿತ್ತು. ನಾನು ಏನೂ ಕೇಳಲಿಲ್ಲ, ಪಕ್ಕದಲ್ಲಿ ಬಿದ್ದಿದ್ದ ರಟ್ಟನ್ನು ಎತ್ತಿ ಅಲ್ಲಿ ಹಾಸಿದೆ.